ರಾಹುಕಾಲದ ಕಾರ್ಯಾಗಾರ

ಅನಂತಪದ್ಮನಾಭನ ಹೊಸ ಸ್ಕೂಟರ್ ಶುಕ್ರವಾರ ರಾಹುಕಾಲದಲ್ಲಿ ಮನೆಗೆ ಬಂತು. ಅದೇ ಒಂದು ತಪ್ಪು. ಬೇಕೆಂದೇ ಆ ಹೊತ್ತು ನೋಡಿ ತಂದದ್ದು ಅದಕ್ಕಿಂತ ದೊಡ್ಡ ತಪ್ಪು. ಒಂಟಿಕೊಪ್ಪಲಿನ ವಿಚಾರವಾದಿಗಳ ಪುಟ್ಟ ಸಂಘ ಅವನನ್ನು ಹೊಸದಾಗಿ ಕಾರ್ಯದರ್ಶಿ ಮಾಡಿತ್ತು. ಈಜು ಕಲಿತ ಹೊಸದರಲ್ಲಿ ಬಚ್ಚಲ ತೊಟ್ಟಿಗೂ ಧುಮುಕುವವರಿರುತ್ತಾರಲ್ಲ, ಅವನದು ಅದೇ ಉತ್ಸಾಹ.

ಹೆಂಡತಿ ಅಂಬುಜಾ ಹೊಸಿಲು ದಾಟಿ ಬರಲೇ ಇಲ್ಲ. "ದೇವಸ್ಥಾನದ ಮುಂದೆ ನಿಲ್ಲಿಸಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ನಿಮ್ಮ ಕೈಯಾರೆ ಕಾಯಿ ಒಡೀರಿ. ಅಲ್ಲೀವರೆಗೂ ನಾನು ಅದರ ಮೇಲೆ ಕೂರೋಳಲ್ಲ. ನನಗೆ ಸಿಟಿ ಬಸ್ಸೇ ಸಾಕು."

"ಕಾರ್ಯದರ್ಶಿ ಕಣೇ ನಾನು! ಕಾಯಿ ಒಡೆದ್ರೆ ಸಂಘದವರು ನನ್ನ ತಲೆ ಒಡೀತಾರೆ."

"ಒಡೀಲಿ ಬಿಡಿ, ಒಳಗೆ ಏನಿದೆ ಅಂತ ಗೊತ್ತಾಗುತ್ತೆ."

ನಾಲ್ಕು ದಿನ ಮನೆಯಲ್ಲಿ ಸಾರಿಗೆ ಉಪ್ಪಿರಲಿಲ್ಲ. ಕೊನೆಗೆ ಅನಂತಪದ್ಮನಾಭ ಅಂಗಳದಲ್ಲಿ ನಿಂತು ಪಂದ್ಯ ಕಟ್ಟಿದ. "ಭಾನುವಾರ ನಮ್ಮ ಪವಾಡ ಬಯಲು ಕಾರ್ಯಾಗಾರ. ನಾಲ್ಕೂವರೆಗೆ ಶುರು, ಆರಕ್ಕೆ ಮುಕ್ತಾಯ. ಪೂರ್ತಿ ರಾಹುಕಾಲ! ಒಂದೇ ಒಂದು ವಿಘ್ನ ಬಂದ್ರೂ ನಾನೇ ಕಾಯಿ ಒಡೀತೀನಿ. ಬರಲಿಲ್ಲ ಅಂದ್ರೆ ಪೂಜೆ ಇಲ್ಲ, ನೀನು ತೆಪ್ಪಗೆ ಹಿಂದೆ ಕೂತ್ಕೋಬೇಕು."

"ವಿಘ್ನ ಬಂತೋ ಇಲ್ವೋ ಹೇಳೋರು ಯಾರು?"

"ನಾನಿದೀನಲ್ಲ!" ಎಂದರು ಎದುರುಮನೆಯ ದಾಕ್ಷಾಯಣಮ್ಮ, ತಮ್ಮ ಗೇಟಿನ ಮೇಲಿಂದ. ಅವರನ್ನು ಯಾರೂ ಕೇಳಿರಲಿಲ್ಲ. ಆದರೆ ಬೇಡ ಅನ್ನುವ ಧೈರ್ಯ ಆ ಬೀದಿಯಲ್ಲಿ ಯಾರಿಗೂ ಇರಲಿಲ್ಲ.

ಭಾನುವಾರ ನಾಲ್ಕು ಗಂಟೆಗೇ ಬಡಾವಣೆಯ ಸಮುದಾಯ ಭವನಕ್ಕೆ ಜನ ನುಗ್ಗತೊಡಗಿದರು. ಹತ್ತು ಹದಿನೈದು ಮಂದಿ ಬಂದರೆ ಹೆಚ್ಚು ಎಂದುಕೊಂಡಿದ್ದ ಅನಂತಪದ್ಮನಾಭನಿಗೆ ಎದೆ ಪೂರಿಯ ಹಾಗೆ ಉಬ್ಬಿತು. ದಿನಸಿ ಅಂಗಡಿಯ ಜವರಪ್ಪ ಕೂಡ ಬಾಗಿಲೆಳೆದು ಬಂದು ಕೂತಿದ್ದ.

"ನೋಡಿದ್ಯಾ ಅಂಬುಜಾ? ಜನ ಎಚ್ಚೆತ್ತಿದ್ದಾರೆ!"

ಅಂಬುಜಾ ಗೋಡೆ ಗಡಿಯಾರ ನೋಡಿದಳು. ಅವಳ ಪಕ್ಕದಲ್ಲಿ, ಮೊದಲ ಸಾಲಿನ ನಡುಮಧ್ಯೆ, ದಾಕ್ಷಾಯಣಮ್ಮ ವಿಘ್ನ ಎಣಿಸಲು ಬೆರಳು ಬಿಚ್ಚಿಕೊಂಡು ಕೂತಿದ್ದರು.

ಮೈಕಿನ ಸಿದ್ದಪ್ಪಾಜಿ ಸ್ವಿಚ್ಚಿನ ಹತ್ತಿರ ಕೈಕಟ್ಟಿ ನಿಂತಿದ್ದ. "ಆರು ಗಂಟೆ ತಂಕ ನಾನು ಮುಟ್ಟಾಕಿಲ್ಲ ಸಾರ್. ಮಿಷನ್ನು ಹೊಸದು."

ಅನಂತಪದ್ಮನಾಭ ತಾನೇ ಸ್ವಿಚ್ ಒತ್ತಿದ. ಮೈಕು ಬಾಲ ತುಳಿಸಿಕೊಂಡ ಬೆಕ್ಕಿನಂತೆ ಕಿರುಚಿ, 'ಟಪ್' ಎಂದು ಕಣ್ಣು ಮುಚ್ಚಿತು. ದಾಕ್ಷಾಯಣಮ್ಮನ ಒಂದು ಬೆರಳು ಮಡಿಚಿಕೊಂಡಿತು.

"ಇವತ್ತು ಮೈಕಿಲ್ಲ ಅಂತ ಮೊದಲೇ ತೀರ್ಮಾನ ಆಗಿತ್ತು!" ಅವನು ಕೂಗಿದ. "ಬಾಬಾಗಳು ಜನರನ್ನ ಮರುಳು ಮಾಡೋದೇ ಮೈಕಿನಿಂದ. ಅದಕ್ಕೇ!"

"ಮೊದಲೇ ತೀರ್ಮಾನ ಆಗಿದ್ರೆ ವಿಘ್ನ ಅಲ್ಲ ಬಿಡಿ," ಎಂದು ದಾಕ್ಷಾಯಣಮ್ಮ ಬೆರಳು ಬಿಚ್ಚಿದರು.

ಅಷ್ಟರಲ್ಲಿ ಜವರಪ್ಪ ಎದ್ದು ಬಂದು ಅವನ ಕಿವಿಯಲ್ಲಿ ಪಿಸುಗುಟ್ಟಿದ. ಜವರಪ್ಪನ ಪಿಸುಮಾತು ಪಕ್ಕದ ಬೀದಿಗೂ ಕೇಳುತ್ತದೆ. "ಅಂಗಡಿಗೆ ಫೋನ್ ಬಂದಿತ್ತು ಸಾರ್, ಹೇಳಕ್ಕೆ ಮರ್ತಿದ್ದೆ. ಪವಾಡ ತೋರ್ಸಕ್ಕೆ ಬರ್ಬೇಕಾಗಿದ್ದ ನಾಗಾರ್ಜುನ ಮೇಷ್ಟ್ರ ಬಸ್ಸು ಇಲವಾಲದತ್ರ ಕೆಟ್ಟು ನಿಂತದಂತೆ."

ಬೆರಳು ಮತ್ತೆ ಮಡಿಚಿಕೊಂಡಿತು.

"ಮೇಷ್ಟ್ರು ಯಾಕೆ ಬೇಕು?" ಅನಂತಪದ್ಮನಾಭ ವೇದಿಕೆಗೆ ನೆಗೆದ. "ಪವಾಡ ಯಾರು ಬೇಕಾದ್ರೂ ಮಾಡಬಹುದು ಅಂತ ತಾನೇ ನಾವು ಹೇಳೋದು? ನಾನೇ ಮಾಡ್ತೀನಿ!"

ಬೆರಳು ಬಿಚ್ಚಿಕೊಂಡಿತು.

ಗಾಳಿಯಿಂದ ವಿಭೂತಿ ತೆಗೆಯುವುದು ಮೊದಲ ಪ್ರಯೋಗ. ಬೆರಳ ಸಂದಿಯಲ್ಲಿ ಬಚ್ಚಿಟ್ಟಿದ್ದ ವಿಭೂತಿ ಉಂಡೆ ಜಾರಿ, ಉರುಳುತ್ತ ಹೋಗಿ ದಾಕ್ಷಾಯಣಮ್ಮನ ಪಾದದ ಬಳಿ ನಿಂತಿತು. ಅವರು "ಶಿವಶಿವಾ, ಕಾಲಿಗೆ ತಾಕ್ತಲ್ಲಪ್ಪ!" ಎಂದು ಎತ್ತಿ ಕಣ್ಣಿಗೊತ್ತಿಕೊಂಡು ಹಣೆಗೆ ಬಳಿದುಕೊಂಡರು. ಪಕ್ಕದವರೂ ಕೈಚಾಚಿದರು. ಸಭೆಯೆಲ್ಲ ಚಪ್ಪಾಳೆ.

ಉರಿಯುವ ಕರ್ಪೂರವನ್ನು ನಾಲಿಗೆಯ ಮೇಲಿಟ್ಟುಕೊಳ್ಳುವುದು ಎರಡನೆಯದು. ನಾಲಿಗೆ ಒದ್ದೆಯಾಗಿದ್ದರೆ ಏನೂ ಆಗುವುದಿಲ್ಲವೆಂದು ಅವನು ಕಲಿತಿದ್ದ. ಆದರೆ ಇಷ್ಟು ಹೊತ್ತಿನ ಗಾಬರಿಗೆ ಅವನ ಬಾಯಿ ಬೇಸಿಗೆಯ ಕೆರೆಯಂತೆ ಒಣಗಿತ್ತು. ಕರ್ಪೂರ ಇಟ್ಟ ಕೂಡಲೇ ಜೀವ ನೆತ್ತಿಗೇರಿತು. "ಅಯ್ಯೋ" ಎಂದರೆ ವಿಘ್ನ. ಅವನು ಬಾಯಿ ಮುಚ್ಚಿ ನಕ್ಕ. ಕಣ್ಣಿಂದ ನೀರು ಧಾರಾಕಾರ ಇಳಿಯಿತು.

"ಏನು ಮನಸ್ಸಿಟ್ಟು ಮಾಡ್ತಾರೆ ನೋಡ್ರಮ್ಮ," ಎಂದಿತು ಹಿಂದಿನ ಸಾಲು. ಮತ್ತೆ ಚಪ್ಪಾಳೆ.

ಅಂತೂ ಗೋಡೆ ಗಡಿಯಾರ ಆರು ಹೊಡೆಯಿತು. ದಾಕ್ಷಾಯಣಮ್ಮ ಎದ್ದು ನಿಂತು ತೀರ್ಪು ಕೊಟ್ಟರು. "ಒಂದೂ ವಿಘ್ನ ಇಲ್ಲ. ಅನಂತಣ್ಣ ಗೆದ್ರು."

ಅನಂತಪದ್ಮನಾಭ ವೇದಿಕೆಯ ಮೇಲೆಯೇ ಒಂದು ಸುತ್ತು ಕುಣಿದ. ಅಂಬುಜಾ ಶಾಂತವಾಗಿ ಕೇಳಿದಳು. "ದಾಕ್ಷಾಯಣಮ್ಮ, ರಾಹುಕಾಲ ಅಡ್ಡ ಬರೋದು ಎಂಥ ಕೆಲಸಕ್ಕೆ?"

"ಶುಭಕಾರ್ಯಕ್ಕೆ ಕಣಮ್ಮ."

"ದೇವರ ಮಹಿಮೆ ಸುಳ್ಳು ಅಂತ ಆಡ್ಕೊಳ್ಳೋದು ಶುಭಕಾರ್ಯವಾ?"

ದಾಕ್ಷಾಯಣಮ್ಮ ಅಲ್ಲವೆಂದು ತಲೆಯಾಡಿಸಿದರು.

"ಮತ್ತೆ ರಾಹು ಯಾಕೆ ಅಡ್ಡ ಬರ್ತಾನೆ? ಅವನೇ ಮುಂದೆ ನಿಂತು ನಡೆಸಿಕೊಟ್ಟಿದ್ದಾನೆ! ಮೈಕಿಲ್ಲ, ಮೇಷ್ಟ್ರಿಲ್ಲ, ನಮ್ಮನೆಯವರಿಗೆ ಏನೂ ಬರಲ್ಲ. ಆದ್ರೂ ಇಷ್ಟು ಚೆನ್ನಾಗಿ ನಡೀತು ಅಂದ್ರೆ ಅವನ ಶಕ್ತಿ ಎಷ್ಟಿರಬೇಕು! ಅಂಥವನ ಹೊತ್ತಲ್ಲಿ ತಂದ ಗಾಡಿ ಮೇಲೆ ನಾನು ಸುಮ್ನೆ ಹೋಗಿ ಕೂತ್ಕೊಳ್ಳಲಾ?"

"ಅಮ್ಮಮ್ಮಾ!" ದಾಕ್ಷಾಯಣಮ್ಮ ಕೆನ್ನೆಕೆನ್ನೆ ಬಡಿದುಕೊಂಡರು. "ಮೊದಲು ಕಾಯಿ ಒಡೀರಿ ಅನಂತಣ್ಣ. ಈ ಪಂದ್ಯ ನೀವು ಗೆದ್ದಿದ್ದೇ ಅಪಾಯ!"

ಅನಂತಪದ್ಮನಾಭನಿಗೆ ಹೇಳಲು ಬೇಕಾದಷ್ಟಿತ್ತು. ಆದರೆ ನಾಲಿಗೆ ಬೋಂಡದಂತೆ ಊದಿ, "ಅಗು ಅಂಗಲ್ಲ, ಅಗು ಅಂಗಲ್ಲ" ಎಂಬುದಷ್ಟೇ ಹೊರಬಂತು. ಕೇಳುವವರಾರು? ಕಾರ್ಯಾಗಾರಕ್ಕೆ ಬಂದವರೆಲ್ಲ ಸೇರಿ ಸ್ಕೂಟರನ್ನು ದೇವಸ್ಥಾನದ ಮುಂದಕ್ಕೆ ತಳ್ಳಿ ನಿಲ್ಲಿಸಿದರು. ಯಾರೋ ಹೂವು ಸುತ್ತಿದರು, ಯಾರೋ ನಿಂಬೆಹಣ್ಣು ಇಟ್ಟರು. ವಿಚಾರವಾದಿ ಸಂಘದ ಕಾರ್ಯದರ್ಶಿ ಎರಡು ಕೈಯಲ್ಲೂ ಕಾಯಿ ಎತ್ತಿ ಒಡೆದ. ಅಂಬುಜಾ ಸೆರಗು ಸಿಕ್ಕಿಸಿಕೊಂಡು, ಮಹಾರಾಣಿಯಂತೆ ಹಿಂದೆ ಕೂತಳು.

ಸೋತರೂ ಅವನಿಗೆ ಒಂದು ಸಮಾಧಾನ ಉಳಿದಿತ್ತು. ಜನ ರಾಹುಕಾಲಕ್ಕೆ ಅಂಜದೆ ಬಂದರಲ್ಲ, ಭವನ ತುಂಬಿತಲ್ಲ! ಅಷ್ಟರಲ್ಲಿ ಜವರಪ್ಪ ಕಾಯಿಚೂರು ಕಡಿಯುತ್ತ ಹತ್ತಿರ ಬಂದ.

"ಸಾರ್, ಮುಂದಿನ ಭಾನ್ವಾರನೂ ಇದೇ ಹೊತ್ಗೆ ಮಡಗಿ. ರಾಹುಕಾಲ ನೋಡಿ, ಒಂದು ಒಳ್ಳೆ ಕೆಲ್ಸ ಮಾಡಂಗಿಲ್ಲ. ಮನೇಲಿ ಸುಮ್ನೆ ಕೂತು ಕೂತು ಬೇಜಾರು!"