ವೀರವ್ವನ ಮೂಗಿಗೆ ಅಳತೆ ಹಿಡಿದದ್ದು

ಗಜೇಂದ್ರಗಡದ ನೇಕಾರ ಪರಪ್ಪನಿಗೆ ಹೆಂಡತಿಯ ತಲೆನೋವಿನ ಮೇಲೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. (ನೋವು ಆಕೆಯ ತಲೆಯಲ್ಲಿ, ಅದು ಖರೇನೋ ಸುಳ್ಳೋ ಎಂದು ತೀರ್ಮಾನಿಸುವ ಅಧಿಕಾರ ಈತನ ಬಾಯಲ್ಲಿ. ನಮ್ಮ ಬಹುತೇಕ ಮನೆಗಳ ಸಂವಿಧಾನವೇ ಹೀಗೆ.) ಮಗ್ಗದ ನೂಲಿಗೆ ಹಚ್ಚುವ ಗಂಜಿಯನ್ನು ಅವನು ಅಡುಗೆಮನೆಯಲ್ಲೇ ಕುದಿಸಿ, ಅಲ್ಲೇ ಇಡುತ್ತಿದ್ದ. ಅದು ಹುಳಿಯೇರಿ ನಾರತೊಡಗಿದರೆ ವೀರವ್ವನ ಅರ್ಧತಲೆ ಸಿಡಿಯುತ್ತಿತ್ತು. ವಾಂತಿ ಮಾಡಿಕೊಂಡು, ಕೋಣೆ ಕತ್ತಲಾಗಿಸಿ ಮಲಗಿಬಿಡುತ್ತಿದ್ದಳು.

"ಗಂಜಿ ಗಡಿಗಿ ಹಿತ್ತಲಕ್ಕ ಒಯ್ರಿ ಅಂದ್ರ ನಿಮಗೇನ್ ಬ್ಯಾನಿರೀ?"

"ಹಿತ್ತಲದಾಗ ಗಾಳಿ, ಧೂಳ. ನೂಲ ಕೆಡತೈತಿ."

"ನಾ ಕೆಟ್ರ ನಡೀತೈತೇನು?"

"ಎಲ್ಲೈತಿ ವಾಸನಿ? ನನಗ್ಯಾಕ ಬರವಲ್ದು?"

ಕಡೆಗೆ ದವಾಖಾನೆಗೆ ಹೋದಾಗ ಡಾಕ್ಟರು ಇದು ಮೈಗ್ರೇನ್ ಎಂದು ಹೆಸರಿಟ್ಟು, "ಈ ನೋವಿದ್ದವರೊಳಗ ಕೆಲವರ ಮೂಗು ಭಾಳ ಸೂಕ್ಷ್ಮ ಇರ್ತೈತಿ" ಎಂದದ್ದೇ ತಡ, ಪರಪ್ಪನಿಗೆ ಛಲ ಹುಟ್ಟಿತು. ಎಷ್ಟು ಸೂಕ್ಷ್ಮ? ಅಳೆದೇಬಿಡಬೇಕು! ಗೇಣು, ಮೊಳಗಳಲ್ಲೇ ಬದುಕು ಸಾಗಿಸಿದವನಿಗೆ ಒಂದು ಮೂಗು ಯಾವ ಲೆಕ್ಕ?

ಕಡುಗೆಂಪು ಬಣ್ಣಕ್ಕೆ ನೀರು ಬೆರೆಸುತ್ತ ಬೆರೆಸುತ್ತ ತಿಳಿಗುಲಾಬಿಗೆ ಇಳಿಸುವ ವಿದ್ಯೆ ಅವನ ಕೈಯಲ್ಲಿತ್ತು. ಅದನ್ನೇ ವಾಸನೆಗೆ ಹಚ್ಚಿದ. ಗಂಜಿಗೆ ನೀರು, ಆ ನೀರಿಗೆ ಮತ್ತೆ ನೀರು. ಕಡುಗಂಜಿಯಿಂದ ತಿಳಿಗಂಜಿಯವರೆಗೆ ಬಾಟಲಿಗಳ ಸಾಲು ನಿಂತಿತು. ನಡುನಡುವೆ ಮೋಸಕ್ಕೆಂದು ಬರೀ ನೀರಿನವು. ಪಂಚಾಯ್ತಿಗೆ ಅಕ್ಕ ಶೇಖವ್ವನನ್ನು ಕರೆಸಿದ. ("ಇಕಿದು ಬರೇ ನಾಟಕ" ಎಂದು ಆಕೆ ಎಂದೋ ತೀರ್ಪು ಕೊಟ್ಟಾಗಿತ್ತು. ಇಂಥ ಪಂಚರು ಸಿಕ್ಕರೆ ಯಾರು ಬಿಟ್ಟಾರು?)

"ಸೋತಿ ಅಂದ್ರ ಇನ್ನ ಮ್ಯಾಲ ವಾಸನಿ ಅನ್ನೂ ಮಾತು ಎತ್ತಬಾರ್ದು" ಎಂದ ಪರಪ್ಪ.

"ಗೆದ್ರ ಗಡಿಗಿ ಹಿತ್ತಲಕ್ಕ" ಎಂದ ವೀರವ್ವ ತಾನೇ ಕಣ್ಣಿಗೆ ಬಟ್ಟೆ ಬಿಗಿದುಕೊಂಡಳು.

"ನೀರು... ಗಂಜಿ... ನೀರು." ಬಾಟಲಿಗಳು ಬಂದ ಹಾಗೆ ಉತ್ತರಗಳೂ ಬಂದವು. ಹನಿ ಗಂಜಿಯೂ ಇದೆಯೋ ಇಲ್ಲವೋ ಎನ್ನುವಂಥ ಕೊನೆಯ ಬಾಟಲಿಯ ಬಿರಡೆ ತೆಗೆಯುವುದಕ್ಕೂ ಪುರಸೊತ್ತಿಲ್ಲ, ಆಕೆ ಮುಖ ತಿರುಗಿಸಿದಳು. "ಗಂಜಿ. ಲಗೂ ಮುಚ್ರಿ, ಹೊಟ್ಟಿ ತೊಳಸಾಕತ್ತೈತಿ!"

ಒಂದೂ ತಪ್ಪಿರಲಿಲ್ಲ. ಆದರೆ ಪರಪ್ಪ ಸೋಲೊಪ್ಪುವ ಗಂಡಸೇ?

"ಇದರಾಗೇನು ದೊಡ್ಡಸ್ತಿಕಿ? ಇಷ್ಟು ಎಲ್ಲಾರಿಗೂ ಗೊತ್ತಾಗತೈತಿ. ನೆಟ್ಟಗಿರೋ ಮೂಗಿನ ಜೋಡಿ ಹಚ್ಚಿ ನೋಡಬೇಕು."

"ನೆಟ್ಟಗಿರೋ ಮೂಗು ಯಾರದೋ ತಮ್ಮಾ?"

"ಯಾರದಂದ್ರ? ನಂದು!"

ಕಣ್ಣು ಕಟ್ಟಿಸಿಕೊಂಡು, ಸಿಂಹಾಸನವೇರಿದವನ ಠೀವಿಯಲ್ಲಿ ಮಣೆಯ ಮೇಲೆ ಕೂತ. ಶೇಖವ್ವ ಬಾಟಲಿ ಹಿಡಿದಳು. "ನೀರು" ಎಂದ. ಇನ್ನೊಂದು. "ನೀರು." ಕಡುಗಂಜಿ ಬಂತು. "ಇದೂ ನೀರ. ಎಲ್ಲಾ ನೀರ ಕೊಡಾಕತ್ತಿಯಲ್ಲ ಯಕ್ಕಾ!"

ಶೇಖವ್ವನಿಗೆ ಯಾಕೋ ಅನುಮಾನ ಬಂತು. ಸೆರಗಿನ ತುದಿ ಮೂಗಿಗೆ ಸುತ್ತಿಕೊಂಡವಳೇ ಗಂಜಿಯ ಗಡಿಗೆಯನ್ನೇ ಹೊತ್ತು ತಂದು ತಮ್ಮನ ಮೂಗಿನಡಿ ಇಟ್ಟಳು. ಪರಪ್ಪ ಎದೆ ತುಂಬ ಉಸಿರೆಳೆದುಕೊಂಡ.

"ಹಾಂ! ಇದು ಬ್ಯಾರೆ ಐತಿ... ಪನ್ನೀರೇನು?"

ಶೇಖವ್ವ ಅವನ ಕಣ್ಣಿನ ಬಟ್ಟೆ ಕಿತ್ತೆಸೆದಳು. "ಭಾಡ್ಯಾ! ಬಣ್ಣ, ಗಂಜಿ ಅಂತ ಕುಂತು ಕುಂತು ನಿನ್ನ ಮೂಗು ಸತ್ತ ಹೋಗೇತಿ. ಈ ಸತ್ತ ಮೂಗಿನ ಮಾತ ನಂಬಿ ನಾ ಇಕಿನ್ನ ಬೈಕೋತ ಬಂದ್ನೆಲ್ಲೋ!" (ಏನೂ ತಟ್ಟದವರನ್ನೇ ನ್ಯಾಯಕ್ಕೆ ಕೂಡಿಸುವುದು ನಮ್ಮ ಹಳೆಯ ಚಾಳಿ. ತಟ್ಟಿದವರು ಕತ್ತಲಲ್ಲಿ ಮಲಗಿರುತ್ತಾರೆ.)

ಗೆದ್ದ ವೀರವ್ವನಿಗೆ ಬಹುಮಾನವಾಗಿ ತಲೆನೋವೇ ಬಂದಿತ್ತು. ಹಣೆ ಒತ್ತಿಕೊಳ್ಳುತ್ತ, "ಮೊದಲ ಗಡಿಗಿ ಒಯ್ರಿ" ಎಂದಷ್ಟೇ ಹೇಳಿ ಕೋಣೆ ಹೊಕ್ಕು ಬಾಗಿಲು ಹಾಕಿಕೊಂಡಳು.

ಪರಪ್ಪ ಗಡಿಗೆ ಹೊತ್ತು ಹಿತ್ತಲಿಗೆ ಹೋಗಿ, ಕಲ್ಲು ಹೂಡಿ, ಒಲೆ ಹಚ್ಚಿ, ಅದೇ ಹುಳಿ ಗಂಜಿ ತಿರುವುತ್ತ ನಿಂತ. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಮಹಮ್ಮದಸಾಬ ಮೂಗು ಹಿಡಿದುಕೊಂಡು ಗೋಡೆಯಾಚೆಯಿಂದ ಇಣುಕಿದ.

"ಪರಪ್ಪಣ್ಣಾ, ನಿಮ್ಮ ಹಿತ್ತಲದಾಗ ಏನರ ಸತ್ತೈತೇನು ನೋಡ್ರಿ. ಭಾಳ ನಾರಾಕತ್ತೈತಿ!"

ಪರಪ್ಪ ಗಾಳಿ ಮೂಸಿದ. ಗಡಿಗೆಗೆ ಬಗ್ಗಿ ಮೂಸಿದ. ಆಮೇಲೆ ಮುಚ್ಚಿದ ಬಾಗಿಲತ್ತ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದ:

"ತಡಿಯಪಾ ಸಾಬ. ನಮ್ಮಾಕಿ ಮಲಗ್ಯಾಳ. ಎದ್ದ ಮ್ಯಾಲ ಕೇಳಿ ಹೇಳ್ತೀನಿ."