ಕನ್ನಡಿಯಲ್ಲಿ ಕಂಡ ಗುರುವರ್ಯ

ಪುರಾವೆಯಿಲ್ಲದೆ ನಾನು ಯಾವುದನ್ನೂ ಒಪ್ಪುವವನಲ್ಲ. ಪುರಾವೆ ಸಿಕ್ಕ ಮೇಲೂ ಒಪ್ಪುವುದಿಲ್ಲ ಎಂಬುದು ನನ್ನ ಹೆಂಡತಿಯ ದೂರು. ಇಂಥ ನನ್ನನ್ನೇ ಅವಳು ‘ಒಪ್ಪಿಕೊಂಡು ಮಾತಾಡುವ ಇಂಗ್ಲಿಷ್’ ಕಲಿಸಿರೆಂದು ಕೇಳಿದ್ದು ಅವಳ ಗ್ರಹಚಾರ. (ಗ್ರಹಚಾರದಲ್ಲಿ ನನಗೆ ನಂಬಿಕೆಯಿಲ್ಲ, ಬೇರೆ ಪದ ಹೊಳೆಯಲಿಲ್ಲ.)

ಅವಳು ನರ್ಸು. ದೊಡ್ಡ ಆಸ್ಪತ್ರೆಯೊಂದರಲ್ಲಿ ಮುಖ್ಯ ನರ್ಸಿನ ಹುದ್ದೆ ಖಾಲಿಯಾಗಿತ್ತು. ವರ್ಷಗಟ್ಟಲೆ ರಾತ್ರಿಪಾಳಿ ಮಾಡಿ ಸೊಂಟ ಸೋತಿದ್ದವಳಿಗೆ ಅದು ಸಿಕ್ಕರೆ ಹಗಲು ಕೆಲಸ, ರಾತ್ರಿ ನಿದ್ದೆ. ಸಂದರ್ಶನ ಮಾತ್ರ ಇಂಗ್ಲಿಷಿನಲ್ಲಿ, ಮನೆಯಿಂದಲೇ, ಲ್ಯಾಪ್‌ಟಾಪಿನ ಮುಂದೆ.

“ರೀ, ರೋಗಿ ಕಡೆಯವರು ಕೂಗಾಡ್ತಾರಲ್ಲ, ಅವರ ಸಿಟ್ಟು ಸರಿ ಅಂತ ಒಪ್ಕೊಂಡು ಆಮೇಲೆ ನಮ್ಮ ಮಾತು ಹೇಳ್ಬೇಕು. ಅದೇ ಇಂಗ್ಲಿಷಲ್ಲಿ ಬಾಯಿಗೆ ಬರಲ್ಲ.”

“ಅಷ್ಟೇ ತಾನೆ? ಆಲ್ದೋ, ಡಿಸ್ಪೈಟ್, ಇನ್ ಸ್ಪೈಟ್ ಆಫ್. ಆಲ್ದೋ ಬಂದ ಮೇಲೆ ಬಟ್ ಬರಕೂಡದು. ಡಿಸ್ಪೈಟ್ ಪಕ್ಕ ಆಫ್ ಸುಳಿಯಕೂಡದು. ಎಲ್ಲಿ, ಒಂದು ವಾಕ್ಯ ಹೇಳು.”

“ಆಲ್ದೋ ಮೈ ಹಸ್ಬೆಂಡ್ ರೀಡ್ಸ್ ಸೈನ್ಸ್, ಬಟ್ ಹಿ ಕೆನಾಟ್ ಲೈಟ್ ದ ಸ್ಟವ್.”

“ಬಟ್ ತಪ್ಪು!”

“ಮಿಕ್ಕಿದ್ದು?”

ಮಿಕ್ಕಿದ್ದನ್ನು ಬಿಟ್ಟು ನಾನು ಡಿಸ್ಪೈಟಿಗೆ ಹೋದೆ.

“ಅಳಿಯಂದಿರು ಎಷ್ಟು ಚೆನ್ನಾಗಿ ಹೇಳ್ಕೊಡ್ತಾರೆ, ಕೇಳ್ಕೊಳ್ಳೇ” ಎಂದರು ಹೊರಕೋಣೆಯಿಂದ ಅತ್ತೆಯವರು. ಪುರಾವೆಯಿಲ್ಲದೆ ನನ್ನನ್ನು ನಂಬುವವರು ಈ ಮನೆಯಲ್ಲಿ ಅವರೊಬ್ಬರೇ.

ಸಂದರ್ಶನದ ದಿನ ಬರುವಷ್ಟರಲ್ಲಿ ಅವಳ ಬಾಯಿಂದ ಬಟ್ ತೊಲಗಿತ್ತು. ನನ್ನನ್ನೂ ಕೋಣೆಯಿಂದ ತೊಲಗಲು ಹೇಳಿದಳು. ಸಂಶಯವಾದಿಯಾದ ನಾನು ಅವಳ ನಾಲಗೆಯನ್ನು ನಂಬುವುದುಂಟೆ? ಒಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ‘ಬಟ್ ಬೇಡ’ ಎಂದು ಬರೆದು, ಕ್ಯಾಮರಾದ ದೃಷ್ಟಿಕೋನವನ್ನು ಶಾಸ್ತ್ರೋಕ್ತವಾಗಿ ಲೆಕ್ಕಹಾಕಿ, ಮಾತು ಶುರುವಾದ ಮೇಲೆ ಮೆಲ್ಲಗೆ ಒಳಸರಿದು ಲ್ಯಾಪ್‌ಟಾಪಿನ ಹಿಂದೆ ನಿಂತೆ. ಮೈಮೇಲೆ ಬನಿಯನ್ ಇತ್ತು. ಕಾಣಿಸದ ಮನುಷ್ಯನಿಗೆ ಶರ್ಟೇಕೆ?

ಅವಳು ನನ್ನತ್ತ ನೋಡಲೇ ಇಲ್ಲ. ರಟ್ಟನ್ನು ತಲೆಯ ಮೇಲಕ್ಕೆತ್ತಿ ಆಡಿಸಿದೆ. ಆ ಕಡೆಯ ಮೇಡಂ ಪ್ರಶ್ನೆಯನ್ನು ಅರ್ಧಕ್ಕೇ ನಿಲ್ಲಿಸಿದರು. ಅವರ ಇಂಗ್ಲಿಷಿನ ಸಾರ ಇಷ್ಟು:

“ನಿಮ್ಮ ಹಿಂದಿನ ಬೀರುವಿನ ಕನ್ನಡಿಯಲ್ಲಿ ಒಬ್ಬರು ಫಲಕ ಹಿಡಿದು ನಿಂತಿದ್ದಾರೆ. ಮುಷ್ಕರವೇ? ಅಥವಾ ನಿಮಗೆ ಉತ್ತರ ಹೇಳಿಕೊಡುತ್ತಿದ್ದಾರೆಯೇ?”

ಪತನ ಕೋನವೂ ಪ್ರತಿಫಲನ ಕೋನವೂ ಸಮ ಎಂಬುದು ನನಗೆ ಚೆನ್ನಾಗಿ ಗೊತ್ತು. ಬೀರುವಿಗೂ ಅದು ಗೊತ್ತಿರುತ್ತದೆಂದು ಹೊಳೆದಿರಲಿಲ್ಲ. ಅವಳು ನಿದ್ದೆಗೆಟ್ಟು ಸಂಪಾದಿಸಿದ ಹೆಸರನ್ನೆಲ್ಲ ನಾನು ಬನಿಯನ್ನಿನಲ್ಲಿ ನಿಂತು ಒರೆಸಿಹಾಕಿದ್ದೆ. ಕೆಳಗಿಳಿಸಲೂ ಧೈರ್ಯವಿಲ್ಲದೆ ರಟ್ಟನ್ನು ಹಾಗೆಯೇ ಹಿಡಿದಿದ್ದೆ.

ಅವಳು ಗಾಬರಿಗೊಳ್ಳಲಿಲ್ಲ. ವಾರ್ಡಿನಲ್ಲಿ ಕೂಗಾಡುವವರ ಮುಂದೆ ಬಳಸುವ ಅದೇ ದನಿಯಲ್ಲಿ, “ಯುವರ್ ಡೌಟ್ ಈಸ್ ಫೇರ್, ಮೇಡಂ. ಆಲ್ದೋ ಹಿ ಈಸ್ ಮೈ ಹಸ್ಬೆಂಡ್, ಐ ನೆವರ್ ಟೇಕ್ ಹಿಸ್ ಅಡ್ವೈಸ್” ಎಂದಳು. ಬೇಕಾದರೆ ನೇರವಾಗಿಯೇ ನೋಡಿ ಎಂಬಂತೆ ಲ್ಯಾಪ್‌ಟಾಪನ್ನು ನನ್ನತ್ತ ತಿರುಗಿಸಿದಳು.

ಆ ಕಡೆ ನಗು ಸ್ಫೋಟಿಸಿತು. ಉಳಿದ ಸಂದರ್ಶನದುದ್ದಕ್ಕೂ ನಾನು ಬಚ್ಚಲುಮನೆಯಲ್ಲಿ ನಲ್ಲಿಯನ್ನು ನೋಡುತ್ತ ಕೂತಿದ್ದೆ.

ಸಂಜೆ ಅಡುಗೆಮನೆಯಲ್ಲಿದ್ದಾಗ ಫೋನ್ ಬಂತು. ಕೆಲಸ ಸಿಕ್ಕಿತ್ತು. ಅತ್ತೆಯವರ ಕಣ್ಣು ತುಂಬಿತು. “ನೋಡಿದ್ಯೇನೇ? ಎಲ್ಲ ಅಳಿಯಂದಿರು ಹೇಳ್ಕೊಟ್ಟಿದ್ದರಿಂದ!”

ಹೆಂಡತಿ ಥರ್ಮಾಮೀಟರ್ ಓದುವವಳಂತೆ ನನ್ನನ್ನು ನೋಡಿದಳು.

“ಇಲ್ಲ ಅತ್ತೆ,” ಎಂದೆ ತಲೆತಗ್ಗಿಸಿ. “ನಾನು ಹೇಳ್ಕೊಟ್ಟರೂ...”

“ವಾಕ್ಯ ಪೂರ್ತಿ ಮಾಡಿ” ಎಂದಳು ಅವಳು.

“ನಾನು ಹೇಳ್ಕೊಟ್ಟರೂ ಇವಳಿಗೆ ಕೆಲಸ ಸಿಕ್ತು.” ನನ್ನ ಜೀವಮಾನದ ಮೊದಲ ಒಪ್ಪಿಗೆ, ನುಂಗಲು ಕಷ್ಟವಾಯಿತು. ಅದಕ್ಕೇ ಮುಂದುವರಿಸಿದೆ: “ಆದರೆ...”

ಅವಳು ಫ್ರಿಜ್ಜಿನ ಹಿಂದೆ ಕೈಹಾಕಿ, ನನ್ನ ರಟ್ಟನ್ನೇ ತೆಗೆದು ನನ್ನ ಮುಖಕ್ಕೆ ಹಿಡಿದಳು.