ತನಿಗೆ ಬಿದ್ದ ಬಹಿಷ್ಕಾರ

ಇಬ್ಬರು ಎದುರುಬದುರು ನಿಂತು ವಾದಿಸುತ್ತಿದ್ದರೆ ಇಬ್ಬರದೂ ಸರಿ ಅನ್ನಿಸುವುದು ಒಂದು ಕಾಯಿಲೆ. ನನಗೆ ಅದು ಕಾನ್ವೆಂಟಿನಲ್ಲೇ ಅಂಟಿತು. ಚಾಡಿ ಹೇಳಿದಳೆಂದು ತರಗತಿಯವರೆಲ್ಲ ಒಬ್ಬ ಹುಡುಗಿಯ ಜೊತೆ ಟೂ ಬಿಟ್ಟಾಗ, ನಾನೂ ಎಲ್ಲರೆದುರು ಜೋರಾಗಿಯೇ ಟೂ ಬಿಟ್ಟೆ. ಆಮೇಲೆ ಊಟದ ಬಿಡುವಿನಲ್ಲಿ ಚಾಪೆಲ್ಲಿನ ಹಿಂದೆ ಹೋಗಿ ಅವಳಿಗೆ ಅರ್ಧ ನೆಲ್ಲಿಕಾಯಿ ಕೊಟ್ಟು ಬಂದೆ. ಅದನ್ನು ನೋಡಿದ ಸಿಸ್ಟರ್, ನೀನು ಒಳ್ಳೆಯವಳೋ ಪುಕ್ಕಲಿಯೋ ಅಂತ ಕೇಳಿದರು. ಐವತ್ತು ದಾಟಿದ ಮೇಲೂ ನನಗೆ ಉತ್ತರ ಹೊಳೆದಿಲ್ಲ.

ಈ ಸಲ ರಾಮನವಮಿಗೆ ನಮ್ಮ ದಟ್ಟಗಳ್ಳಿಯ ಬಡಾವಣೆ ಸಮಿತಿಯವರು ಸಂಗೀತ ಕಚೇರಿಗೆ ಕರೆದಿದ್ದ ಗಾಯಕರು, ಯುದ್ಧ ನಡೆಸುತ್ತಿರುವ ದೇಶವೊಂದಕ್ಕೆ ಹೋಗಿ ಅಲ್ಲಿನ ಸರ್ಕಾರದ ಉತ್ಸವದಲ್ಲಿ ಹಾಡಿ ಬಂದಿದ್ದರು. ಅಲ್ಲಿಗೆ ಯಾರೂ ಹೋಗಬೇಡಿ ಅಂತ ಎಷ್ಟೋ ಕಲಾವಿದರು ಮೊದಲೇ ಕೇಳಿಕೊಂಡಿದ್ದರಂತೆ. ಅಲ್ಲಿಯವರೆಗೆ ನೀರು ಬಿಡುವ ಹೊತ್ತು, ಕಸದ ಗಾಡಿ ಇಷ್ಟೇ ಚರ್ಚೆಯಾಗುತ್ತಿದ್ದ ನಮ್ಮ ವಾಟ್ಸಾಪ್ ಗುಂಪಿಗೆ ಒಮ್ಮೆಲೇ ಬೆಂಕಿ ಬಿತ್ತು. ಒಬ್ಬರು ಸಂಗೀತಕ್ಕೆ ಗಡಿಯಿಲ್ಲ ಅಂದರು. ಇನ್ನೊಬ್ಬರು ಬಾಂಬಿಗೂ ಇಲ್ಲ ಅಂದರು. ನಾನು ಇಬ್ಬರಿಗೂ ಕೈಮುಗಿಯುವ ಚಿತ್ರ ಹಾಕಿದೆ. ನಿನ್ನ ಕೈ ನೋಯಲ್ವಾ ಅಂತ ಯಜಮಾನರು ಪೇಪರಿನ ಹಿಂದಿನಿಂದ ವಿಚಾರಿಸಿಕೊಂಡರು.

ಎದುರುಮನೆಯ ಲೀಲಾವತಿ ಟೀಚರ್ ಮಾತ್ರ ಗುಂಪಿನಲ್ಲಿ ಏನೂ ಬರೆಯದೆ ನೇರ ನಮ್ಮ ಅಡುಗೆಮನೆಗೆ ಬಂದರು. ಮೂವತ್ತು ವರ್ಷ ಒಂದನೇ ಕ್ಲಾಸಿಗೆ ಪಾಠ ಹೇಳಿದವರು. ಕುಸಿದ ಗೋಡೆಯ ಪಕ್ಕ ಸ್ಕೂಲ್ ಬ್ಯಾಗು ತಬ್ಬಿಕೊಂಡು ಕೂತ ಮಗುವಿನ ಫೋಟೋ ನೋಡಿದಾಗಿನಿಂದ ಅವರಿಗೆ ಊಟ ಸೇರುತ್ತಿರಲಿಲ್ಲವಂತೆ.

"ಆ ಹಾಡೋರನ್ನ ಗದರಿಸೋಕೆ ನಾನ್ಯಾರು? ಆದ್ರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಕೂತು ಚಪ್ಪಾಳೆ ತಟ್ಟೋದು ನನ್ನ ಕೈಲಾಗಲ್ಲ ಕಣಮ್ಮ. ನಾವು ಕೆಲವರು ಮಧ್ಯದಲ್ಲಿ ಎದ್ದು ಹೋಗ್ತೀವಿ. ನೀನೂ ಬರ್ತೀಯಾ?"

ಬರ್ತೀನಿ ಅಂದೆ. ಮನಸ್ಸಿನಿಂದಲೇ ಅಂದೆ.

ಅದೇ ಮಧ್ಯಾಹ್ನ ಚಾಮರಾಜಪುರಂನಿಂದ ಶಿವಸ್ವಾಮಿಗಳ ಫೋನು ಬಂತು. ನನ್ನ ತಮ್ಮನಿಗೆ ಮೃದಂಗ ಕಲಿಸಿದವರು. ಈ ಕಚೇರಿಗೆ ಪಕ್ಕವಾದ್ಯ ಅವರದೇ. ಸ್ಕೂಟರಿನಿಂದ ಬಿದ್ದು ಎಡ ಮಣಿಕಟ್ಟು ಮುರಿದುಕೊಂಡು ಎಂಟು ತಿಂಗಳಿನಿಂದ ವೇದಿಕೆ ಹತ್ತಿರಲಿಲ್ಲ. ಕಚೇರಿ ನಿಂತುಹೋಗುತ್ತಾ ಅಂತ ಅವರು ಮೆತ್ತಗೆ ಕೇಳಿದರು.

"ಹಾಡೋರಿಗೇನು, ಇದಲ್ಲದಿದ್ರೆ ಇನ್ನೊಂದು ವೇದಿಕೆ. ಈ ಕೈ ಇನ್ನು ಬರುತ್ತೋ ಇಲ್ವೋ ಅಂತ ನಂಗೆ ಅವತ್ತು ಗೊತ್ತಾಗಬೇಕು ತಾಯಿ. ನನ್ನ ತನಿ ಮುಗಿಯೋವರೆಗೂ ಮುಂದೇನೇ ಕೂತಿರಿ."

ಕೂತಿರ್ತೀನಿ ಅಂದೆ. ಅದನ್ನೂ ಮನಸ್ಸಿನಿಂದಲೇ ಅಂದೆ.

ಕಚೇರಿ ನಡೆಯಲಿ, ಬೇಡವಾದವರು ಎದ್ದು ಹೋಗಲಿ ಅಂತ ಸಮಿತಿ ತೀರ್ಮಾನಿಸಿತು. ಯಾವಾಗ ಏಳುವುದು ಅಂತ ಟೀಚರ್ ಮನೆ ಜಗಲಿಯಲ್ಲಿ ಸಭೆ ಸೇರಿತು. ಶುರುವಿನಲ್ಲೇ ಎದ್ದರೆ ರಾಮನ ದೀಪಕ್ಕೆ ಬೆನ್ನು ತೋರಿಸಿದ ಹಾಗೆ. ಹಾಡುತ್ತಿರುವಾಗ ಎದ್ದರೆ ಮರ್ಯಾದೆಯಲ್ಲ. ಪ್ರತಿಭಟನೆ ಅಂದಮಾತ್ರಕ್ಕೆ ನಡತೆ ಬಿಡುವುದುಂಟೇ? ಕಚೇರಿಗಳಿಗೆ ಅಷ್ಟಾಗಿ ಹೋಗದ ಟೀಚರೇ ಕೊನೆಗೆ ದಾರಿ ತೋರಿಸಿದರು. ಗಾಯಕರು ತಾವಾಗಿ ಹಾಡು ನಿಲ್ಲಿಸಿ ಸುಮ್ಮನಾಗುತ್ತಾರಲ್ಲ, ಆಗ ಎಲ್ಲರೂ ಒಟ್ಟಿಗೆ ಏಳೋಣ. ಎಲ್ಲರೂ ತಲೆದೂಗಿದರು. ಕಚೇರಿಯಲ್ಲಿ ಗಾಯಕರು ಬಹಳ ಹೊತ್ತು ಸುಮ್ಮನಾಗುವುದು ಯಾವಾಗ ಅಂತ ಅಷ್ಟಿಷ್ಟು ಸಂಗೀತ ಕೇಳಿದ ನನಗಾದರೂ ಹೊಳೆಯಬೇಕಿತ್ತು. ಎರಡು ಮಾತು ಕೊಟ್ಟವಳ ತಲೆಯಲ್ಲಿ ಮೂರನೆಯದಕ್ಕೆ ಜಾಗವಿರಲಿಲ್ಲ.

ಗಾಯಕರು ಚೆನ್ನಾಗಿ ಹಾಡಿಬಿಟ್ಟರು. ಅದೇ ಕಷ್ಟ. ಟೀಚರ ಬೆರಳು ತಾನಾಗಿಯೇ ಬ್ಯಾಗಿನ ಮೇಲೆ ತಾಳ ಹಾಕುತ್ತಿತ್ತು. ಅದು ಗೊತ್ತಾಗಿ ಅವರು ಕೈಯನ್ನೇ ಸೆರಗಿನೊಳಗೆ ಸೇರಿಸಿಕೊಂಡರು. ದೊಡ್ಡ ಕೃತಿ ಮುಗಿಸಿದ ಗಾಯಕರು ಹಾಡು ನಿಲ್ಲಿಸಿ ಶಿವಸ್ವಾಮಿಗಳ ಕಡೆ ತಿರುಗಿ, ಇನ್ನು ನಿಮ್ಮದು ಅನ್ನುವಂತೆ ನಕ್ಕರು. ತನಿ ಆವರ್ತನ. ಇಡೀ ಕಚೇರಿಯಲ್ಲಿ ಮೃದಂಗದವರು ಒಬ್ಬರೇ ನುಡಿಸುವ ಹೊತ್ತು ಅದೊಂದೇ. ಸರಿಯಾಗಿ ಆಗ ನಮ್ಮ ಸಾಲಿನ ಹನ್ನೊಂದು ಹೆಂಗಸರು ಎದ್ದರು.

ಇನ್ನೊಂದು ವಿಚಿತ್ರ ನೋಡಿ, ಅವರ ಜೊತೆ ಅರ್ಧ ಪೆಂಡಾಲೇ ಎದ್ದಿತು. ತನಿ ಅಂದರೆ ಪಾನಕದ ಹೊತ್ತು ಅನ್ನುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಸ್ವಯಂಸೇವಕರು ಕೊಳದಪ್ಪಲೆಯ ಮುಚ್ಚಳ ತೆಗೆಯುವುದೂ ಆಗಲೇ. ಯಾವ ದೇಶದ ಯಾವ ಯುದ್ಧಕ್ಕೂ ಸಂಬಂಧವಿಲ್ಲದ ಮೃದಂಗದವರನ್ನು ನಾವು ವರ್ಷವರ್ಷವೂ ಹೀಗೆ ಬಹಿಷ್ಕರಿಸುತ್ತಲೇ ಬಂದಿದ್ದೇವೆ. ಪ್ರತಿಭಟನೆ ಹೋಗಿ ಪಾನಕದ ಸಾಲಿನಲ್ಲಿ ಕರಗಿತು. ಬೇಗ ಬನ್ನಿ ಟೀಚರ್, ಕೋಸಂಬರಿ ಮುಗಿದೋಗುತ್ತೆ ಅಂತ ಯಾರೋ ಜಾಗ ಬೇರೆ ಮಾಡಿಕೊಟ್ಟರಂತೆ.

ನಾನೂ ಎದ್ದೆ. ಶಿವಸ್ವಾಮಿಗಳು ತಲೆಯೆತ್ತಿ ನೋಡಿದರು, ಕೂತೆ. ಟೀಚರ್ ಹಿಂದಿರುಗಿ ನೋಡಿದರು, ಅರ್ಧ ಎದ್ದೆ. ಚಪ್ಪಲಿ ಹುಡುಕುವವಳ ಭಂಗಿಯಲ್ಲಿ ಸ್ವಲ್ಪ ಹೊತ್ತಿದ್ದು ಕೊನೆಗೆ ಸೊಂಟ ಕೇಳದೆ ಕೂತೇಬಿಟ್ಟೆ.

ಅಷ್ಟರಲ್ಲಿ ಟೀಚರ್, ಹಾಡೋರು ಸುಮ್ಮನಿದ್ದರೂ ಮೃದಂಗ ಯಾಕೆ ನಿಂತಿಲ್ಲ ಅಂತ ಪಾನಕ ಹಂಚುವವರನ್ನು ಕೇಳಿದ್ದಾರೆ. ಅವರು ಹೇಳಿದ್ದು ಕೇಳಿ ಲೋಟವನ್ನು ಹಾಗೇ ಇಟ್ಟು ತಿರುಗಿ ಬಂದರು. ಹಿಂದೆಯೇ ಉಳಿದ ಹತ್ತು ಜನ. ಒಳಗೆ ಏನೋ ವಿಶೇಷ ಇರಬೇಕೆಂದು ಅವರ ಹಿಂದೆ ದೊನ್ನೆ ಹಿಡಿದುಕೊಂಡು ಮಿಕ್ಕವರೂ ಬಂದರು.

"ಯಾರ ಮೇಲೋ ಎತ್ತಿದ ಕೈ ಯಾರಿಗೋ ಬಿತ್ತಲ್ಲಮ್ಮ," ಅಂತ ಟೀಚರ್ ನನ್ನ ಕಿವಿಯಲ್ಲಿ ಅಂದರು. ತನಿ ಮುಗಿಯುವವರೆಗೂ ಕಣ್ಣುಮುಚ್ಚಿ ಕೇಳಿದರು, ಸೆರಗಿನಿಂದ ಕೈ ತೆಗೆದು ಚಪ್ಪಾಳೆ ತಟ್ಟಿದರು. ಗಾಯಕರು ಮತ್ತೆ ಬಾಯಿ ತೆರೆಯುವ ಮೊದಲೇ ಎದ್ದು, ಒಬ್ಬರೇ, ಹೊರಟುಹೋದರು. ಆ ಬೆನ್ನು ನೋಡಿ ನನಗೆ ಕಣ್ಣು ತುಂಬಿತು. ನಾನು ಕೂತೇ ಇದ್ದೆ.

ಕೊನೆಗೆ ವೇದಿಕೆಯ ಪಕ್ಕ ಮೃದಂಗಕ್ಕೆ ಗವುಸು ಹಾಕುತ್ತಿದ್ದ ಶಿವಸ್ವಾಮಿಗಳು ನನ್ನನ್ನು ಕರೆದರು. ಮಣಿಕಟ್ಟು ಸ್ವಲ್ಪ ಊದಿತ್ತು.

"ನೀವು ಕೂತಿದ್ದು ನೋಡಿದೆ ತಾಯಿ. ಮಧ್ಯದಲ್ಲಿ ಒಂದು ಕಡೆ ಎಡಗೈ ತಡವರಿಸಿಬಿಡ್ತು. ಗೊತ್ತಾಯ್ತಾ?"

ನಾನು ಕೂತಿದ್ದನ್ನು ಟೀಚರ್ ಕಡೆಯವರು ಯಾರ್ಯಾರು ನೋಡಿದರು, ಎದ್ದಿದ್ದನ್ನು ಸಮಿತಿಯವರು ಯಾರ್ಯಾರು ನೋಡಿದರು ಅಂತ ಲೆಕ್ಕ ಹಾಕುವುದರಲ್ಲೇ ನನ್ನ ಪಾಲಿನ ತನಿ ಮುಗಿದುಹೋಗಿತ್ತು. ಒಂದು ಪೆಟ್ಟೂ ಕಿವಿಗೆ ಬಿದ್ದಿರಲಿಲ್ಲ.

"ಇಲ್ಲ ಸ್ವಾಮಿ, ಒಂಚೂರೂ ಗೊತ್ತಾಗಲಿಲ್ಲ," ಅಂದೆ.

ಅವರ ಮುಖ ಅರಳಿತು. ಆ ಇಡೀ ವಾರದಲ್ಲಿ ನಾನು ಆಡಿದ ಅಪ್ಪಟ ನಿಜ ಅದೊಂದೇ.